ಹಳೆ ಸರ್ವರ್, ಹಳೆ ವಿಂಡೋಸ್, ಡಿಸ್ಕ್ ಅರೇ: ಕರಾವಳಿಯ ಕಚೇರಿಗಳಿಗೆ ಕೆಲಸದ ಕ್ರಮ

ವಿಂಡೋಸ್ ಸರ್ವರ್ 2003ಕ್ಕೆ ಮೈಕ್ರೋಸಾಫ್ಟ್ ಬೆಂಬಲ ನಿಂತದ್ದು 2015ರ ಜುಲೈ 14ರಂದು. ಆದರೂ ಮಂಗಳೂರು, ಉಡುಪಿ ಕಡೆಯ ಸಹಕಾರಿ ಸಂಘ, ಗೇರುಬೀಜ ಕಾರ್ಖಾನೆ, ಪ್ರಿಂಟಿಂಗ್ ಪ್ರೆಸ್ಸುಗಳಲ್ಲಿ ಅದನ್ನು ಕೈಬಿಡಲಾಗದ ಸಂದರ್ಭಗಳು ಬರುತ್ತವೆ. ಲೆಕ್ಕಪತ್ರದ ತಂತ್ರಾಂಶ ಬರೆದುಕೊಟ್ಟವರು ಈಗ ಆ ಕೆಲಸದಲ್ಲೇ ಇಲ್ಲ. ಸದಸ್ಯರ ಹೆಸರು, ವಿಳಾಸಗಳೆಲ್ಲ ಯೂನಿಕೋಡ್‌ಗೆ ಮುಂಚಿನ ಕನ್ನಡ ಫಾಂಟಿನ ಸಂಕೇತದಲ್ಲಿ ಕೂತಿವೆ. ವೇಬ್ರಿಜ್‌ನ ತೂಕ ಸೀರಿಯಲ್ ಪೋರ್ಟಿನಿಂದಲೇ ಬರಬೇಕು, ತಂತ್ರಾಂಶದ ಡಾಂಗಲ್ (ಅದು ಸಿಕ್ಕಿಸದೆ ತಂತ್ರಾಂಶ ತೆರೆಯದ ಬೀಗದಂಥ ಸಾಧನ) ಪ್ಯಾರಲಲ್ ಪೋರ್ಟಿಗೇ ಸಿಕ್ಕಿಸಬೇಕು. ಇಂಥ ಕಡೆ ‘ಹೊಸದಕ್ಕೆ ಹೋಗಿ’ ಎಂಬ ಸಲಹೆ ಸರಿಯೇ, ಆದರೆ ಅದರಿಂದ ನಾಳೆ ಬೆಳಿಗ್ಗೆ ಕೌಂಟರ್ ತೆರೆಯುವುದಿಲ್ಲ.

ಇಲ್ಲಿ ಉದಾಹರಣೆಗೆ ಹಿಡಿದಿರುವುದು ಡೆಲ್ ಪವರ್‌ಎಡ್ಜ್ 2950, ಅದರೊಳಗೆ ಪರ್ಕ್ 5/ಐ ಅಥವಾ 6/ಐ ರೇಡ್ ಕಂಟ್ರೋಲರ್ (ಹಲವು ಡಿಸ್ಕುಗಳನ್ನು ಸೇರಿಸಿ ಒಂದೇ ‘ಅರೇ’ಯಾಗಿ ನಡೆಸುವ ಡೆಲ್ ಕಾರ್ಡ್), ಮುಂದೆ 3.5 ಇಂಚಿನ ಆರು ಸ್ಲಾಟ್. ಎಚ್‌ಪಿ ಪ್ರೊಲಿಯಂಟ್ ಡಿಎಲ್380 ಜಿ5 ಇದ್ದವರಿಗೂ ಕ್ರಮ ಹೆಚ್ಚುಕಡಿಮೆ ಇದೇ, ಒತ್ತುವ ಕೀ ಮಾತ್ರ ಬೇರೆ. ಡೆಲ್‌ನಲ್ಲಿ ಅರೇ ಮೆನುಗೆ ಹೋಗಲು ಕಂಟ್ರೋಲ್ ಮತ್ತು ಆರ್, ಎಚ್‌ಪಿಯಲ್ಲಿ ಎಫ್8.

ಒಂದು ವಿಷಯ ತಲೆಯಲ್ಲಿರಲಿ. ಇಂಥ ಯಂತ್ರದಲ್ಲಿ ಓಎಸ್‌ಗೆ ಡಿಸ್ಕ್ ನೇರವಾಗಿ ಕಾಣುವುದಿಲ್ಲ. ನಡುವೆ ಕಂಟ್ರೋಲರ್ ಇದೆ, ಅದರ ಡ್ರೈವರ್ 2003ರ ಮೂಲ ಸಿಡಿಯಲ್ಲಿ ಇಲ್ಲ. ಆದ್ದರಿಂದ ಮೊದಲು ಡ್ರೈವರ್ ಕೈಯಲ್ಲಿರಬೇಕು, ಅರೇ ಕಟ್ಟುವುದು ಆಮೇಲೆ, ಓಎಸ್ ಹಾಕುವುದು ಕೊನೆಗೆ. ಈ ಕ್ರಮ ತಪ್ಪಿದವರೇ ರಾತ್ರಿ ಹನ್ನೊಂದಕ್ಕೆ ನೀಲಿ ಪರದೆ ನೋಡುತ್ತಾ ಕೂರುವುದು.

ನಿಜವಾಗಿ ಹಳೆ ಯಂತ್ರವೇ ಬೇಕೇ?

ಡಾಂಗಲ್ ಯುಎಸ್‌ಬಿಯದ್ದಾದರೆ, ಅಥವಾ ಡಾಂಗಲ್ಲೇ ಇಲ್ಲದಿದ್ದರೆ, ಹಳೆ ಸರ್ವರ್ ಬಿಟ್ಟು ಹೊಸ ಯಂತ್ರದಲ್ಲಿ ಪ್ರಾಕ್ಸ್‌ಮಾಕ್ಸ್‌ನಂಥ ವರ್ಚುವಲ್ ವ್ಯವಸ್ಥೆ (ಲಿನಕ್ಸ್ ಮೇಲೆ ನಿಂತು, ತನ್ನೊಳಗೆ ಇನ್ನೊಂದು ಯಂತ್ರವನ್ನೇ ಅನುಕರಿಸುವ ತಂತ್ರಾಂಶ) ಹಾಕಿ 2003ನ್ನು ಅದರೊಳಗೆ ಓಡಿಸುವುದೇ ಲೇಸು. ಅರೇಯ ತಲೆಬಿಸಿಯೆಲ್ಲ ಹೊರಗಿನ ಲಿನಕ್ಸ್‌ಗೆ ಹೋಗುತ್ತದೆ. ಒಳಗಿನ ವಿಂಡೋಸ್‌ಗೆ ಕಾಣುವುದು ಒಂದು ಸಾದಾ ಐಡಿಇ ಡಿಸ್ಕ್. ನೆಟ್‌ವರ್ಕ್ ಕಾರ್ಡಾಗಿ ರಿಯಲ್‌ಟೆಕ್ 8139 ಆರಿಸಿದರೆ 2003 ತನ್ನಲ್ಲೇ ಇರುವ ಡ್ರೈವರ್‌ನಿಂದ ಅದನ್ನು ಗುರುತಿಸುತ್ತದೆ.

ಇಲ್ಲಿ ಎಡವುವ ಜಾಗ ಒಂದೇ. ಹಳೆ ಯಂತ್ರದ ಇಮೇಜ್ (ಇಡೀ ಡಿಸ್ಕಿನ ಯಥಾಪ್ರತಿ) ತೆಗೆದು ವರ್ಚುವಲ್ ಯಂತ್ರಕ್ಕೆ ಸುರಿದ ಕೂಡಲೇ ಸ್ಟಾಪ್ 7ಬಿ ಎಂಬ ನೀಲಿ ಪರದೆ ಬರುತ್ತದೆ. ಅದು ಪರ್ಕ್ ಡ್ರೈವರ್‌ನಿಂದ ಬೂಟ್ ಆಗುತ್ತಿದ್ದ ವಿಂಡೋಸ್. ಐಡಿಇ ಡ್ರೈವರ್‌ಗಳು ರಿಜಿಸ್ಟ್ರಿಯಲ್ಲಿ ಚಾಲೂ ಇಲ್ಲದ ಕಾರಣ ಬೂಟ್ ಡಿಸ್ಕೇ ಅದಕ್ಕೆ ಸಿಗುವುದಿಲ್ಲ. ಇಮೇಜ್ ತೆಗೆಯುವ ಮುಂಚೆಯೇ ಹಳೆ ಯಂತ್ರದಲ್ಲಿ ಮರ್ಜ್‌ಐಡಿಇ ಎಂಬ ರಿಜಿಸ್ಟ್ರಿ ಫೈಲನ್ನು ಸೇರಿಸಿ. ಅದು ಅಟಾಪಿ, ಇಂಟೆಲ್‌ಐಡಿಇ, ಪಿಸಿಐಐಡಿಇ ಈ ಮೂರನ್ನೂ ಬೂಟ್ ಸಮಯಕ್ಕೆ ಎಬ್ಬಿಸುತ್ತದೆ. ಆ ಮೂರು ಸಿಸ್ ಫೈಲುಗಳು ಸಿಸ್ಟಂ32ರ ಡ್ರೈವರ್ಸ್ ಫೋಲ್ಡರಿನಲ್ಲಿ ಇವೆಯೇ ಎಂದೂ ನೋಡಿ. ಡೆಲ್ ಜತೆ ಬಂದ ಓಇಎಂ ಲೈಸೆನ್ಸ್ ಆ ಪೆಟ್ಟಿಗೆಗೇ ಕಟ್ಟಿದ್ದು, ಬೇರೆ ಯಂತ್ರಕ್ಕೆ ಒಯ್ಯಲು ವಾಲ್ಯೂಮ್ ಅಥವಾ ರಿಟೇಲ್ ಲೈಸೆನ್ಸ್ ಬೇಕು.

ಪ್ಯಾರಲಲ್ ಡಾಂಗಲ್ ಇದ್ದರೆ ಮಾತ್ರ ಕಷ್ಟ. ಅಂಗಡಿಯಲ್ಲಿ ಸಿಗುವ ಯುಎಸ್‌ಬಿ-ಪ್ಯಾರಲಲ್ ಕೇಬಲ್ ಪ್ರಿಂಟರಿಗೆ ಸರಿ, ಡಾಂಗಲ್ಲಿಗೆ ಆಗುವುದಿಲ್ಲ. ಹಾಗಿದ್ದವರು ಮುಂದಕ್ಕೆ ಓದಿ; 2950ರಲ್ಲೂ ಪ್ಯಾರಲಲ್ ಪೋರ್ಟ್ ಇಲ್ಲ, ಅದಕ್ಕೆ ಬೇರೆ ಕಾರ್ಡ್ ಹಾಕಿಕೊಳ್ಳಬೇಕು.

ಮುಟ್ಟುವ ಮುಂಚೆ

ಈಗ ಓಡುತ್ತಿರುವ ಯಂತ್ರವಾದರೆ ಮೊದಲ ಕೆಲಸ ಇಮೇಜ್. ಕ್ಲೋನ್‌ಜಿಲ್ಲಾ ಲೈವ್ ಸಿಡಿಯಿಂದ ಬೂಟ್ ಮಾಡಿ. ಅದರ ಲಿನಕ್ಸ್ ಕರ್ನೆಲ್‌ನಲ್ಲಿ ಮೆಗಾರೇಡ್ ಎಸ್‌ಎಎಸ್ ಡ್ರೈವರ್ ಇರುವುದರಿಂದ ಇಡೀ ಅರೇ ಒಂದೇ ಡಿಸ್ಕಿನಂತೆ ಕಾಣುತ್ತದೆ. ಹೊರಗಿನ ಯುಎಸ್‌ಬಿ ಡಿಸ್ಕಿಗೆ ಇಮೇಜ್ ಬರೆಯಿರಿ. 2950ರ ಯುಎಸ್‌ಬಿ 2.0 ಕಾಲದ್ದು, 100 ಜಿಬಿ ಇದ್ದರೆ ಗಂಟೆಗಟ್ಟಲೆ ಹಿಡಿಯುತ್ತದೆ, ಆತುರ ಬೇಡ.

ಆಮೇಲೆ ಕಂಟ್ರೋಲ್-ಆರ್ ಮೆನುವಿನ ಪ್ರತಿ ಪುಟದ ಫೋಟೋ ತೆಗೆಯಿರಿ: ಯಾವ ಸ್ಲಾಟಿನಲ್ಲಿ ಯಾವ ಡಿಸ್ಕ್, ಯಾವ ವರ್ಚುವಲ್ ಡಿಸ್ಕ್ (ಅರೇಯನ್ನು ಕಾರ್ಡ್ ಓಎಸ್‌ಗೆ ತೋರಿಸುವ ರೂಪ) ಮೊದಲನೆಯದು, ಸ್ಟ್ರೈಪ್ (ಒಂದು ಡಿಸ್ಕಿಗೆ ಒಮ್ಮೆಗೆ ಹೋಗುವ ತುಂಡಿನ ಗಾತ್ರ) ಎಷ್ಟು, ಫರ್ಮ್‌ವೇರ್ ಯಾವುದು. ಡಿಸ್ಕಿನ ಟ್ರೇಗಳಿಗೆ 0ಯಿಂದ 5ರ ತನಕ ಚೀಟಿ ಅಂಟಿಸಿ.

ಯಂತ್ರ ಬಿಚ್ಚಿದಾಗ ನೋಡಬೇಕಾದ್ದು ಉಪ್ಪುಗಾಳಿಯ ಕೆಲಸ. ಮಲ್ಪೆ, ಪಣಂಬೂರು, ಉಳ್ಳಾಲದಂಥ ಕಡಲ ಬದಿಯಲ್ಲಿ ವರ್ಷಗಟ್ಟಲೆ ನಿಂತ ಸರ್ವರ್‌ನ ರೈಸರ್ ಕಾರ್ಡ್, ರ್‍ಯಾಮ್ ಮತ್ತು ಪರ್ಕ್ ಕಾರ್ಡಿನ ಚಿನ್ನದ ಬೆರಳುಗಳ ಮೇಲೆ ಮಂಕು ಪೊರೆ ಕೂತಿರುತ್ತದೆ, ಒಮ್ಮೊಮ್ಮೆ ಹಸಿರು ಚುಕ್ಕೆಯೂ. ‘ಡಿಸ್ಕ್ ಹೋಯಿತು’ ಎನ್ನುವ ಎಷ್ಟೋ ದೂರುಗಳ ಮೂಲ ಈ ಪೊರೆ ಅಥವಾ ಎಸ್‌ಎಎಸ್ ಕೇಬಲಿನ ತುದಿ. ಐಸೋಪ್ರೊಪೈಲ್ ಆಲ್ಕೋಹಾಲ್ ಹಾಕಿದ, ಎಳೆ ಬಿಡದ ಬಟ್ಟೆಯಿಂದ ಒರಸಿ ಪೂರ್ತಿ ಆರಲು ಬಿಡಿ. ಪೆನ್ಸಿಲ್ ರಬ್ಬರಿನಿಂದ ಉಜ್ಜುವ ಅಭ್ಯಾಸ ಬಿಡುವುದು ಒಳ್ಳೆಯದು, ತೆಳು ಚಿನ್ನದ ಲೇಪವೇ ಎದ್ದುಬರುತ್ತದೆ. ಮದರ್‌ಬೋರ್ಡಿನ ಸಿಆರ್2032 ಸೆಲ್ ಇದೇ ಹೊತ್ತಿಗೆ ಬದಲಿಸಿ. ಅದು ಸತ್ತರೆ ದಿನಾಂಕ ಹಿಂದಕ್ಕೆ ಹೋಗಿ ಬಡ್ಡಿ ಲೆಕ್ಕವೇ ತಲೆಕೆಳಗಾದೀತು.

ರ್‍ಯಾಮ್ ಜಾಸ್ತಿ ತುಂಬಬೇಡಿ. 2003ರ 32 ಬಿಟ್ ಸ್ಟಾಂಡರ್ಡ್ ಆವೃತ್ತಿ ಬಳಸುವುದು 4 ಜಿಬಿ ಮಾತ್ರ. ಈ ಯಂತ್ರದ ಎಫ್‌ಬಿ-ಡಿಮ್ ಬಗೆಯ ರ್‍ಯಾಮ್ ಒಂದೊಂದೂ ಕೆಂಡದ ಹಾಗೆ ಕಾಯುವ ಜಾತಿ, 2 ಜಿಬಿಯ ಒಂದು ಜೋಡಿ ಸಾಕು.

ಕೋಣೆಗೆ ಎಸಿ ಇದ್ದರೆ 24–26 ಡಿಗ್ರಿಗೆ ಇಡಿ. ಆಟಿ ತಿಂಗಳ (ಜುಲೈ–ಆಗಸ್ಟ್) ಮಳೆಯಲ್ಲಿ 18ಕ್ಕೆ ತಣಿಸಿ, ಸಂಜೆ ಎಸಿ ಆರಿಸಿ, ಬೆಳಿಗ್ಗೆ ಕಿಟಕಿ ತೆರೆದರೆ ಹೊರಗಿನ ಹಸಿ ಗಾಳಿ ತಣ್ಣಗಿನ ಲೋಹದ ಮೇಲೆ ನೀರಾಗಿ ಕೂರುತ್ತದೆ. ಎಸಿ ಇಲ್ಲವೇ ಇಲ್ಲ ಎಂದರೆ ಯಂತ್ರ ಹಗಲೂ ರಾತ್ರಿ ಓಡುತ್ತಲೇ ಇರಲಿ, ಅದರ ಬಿಸಿಯೇ ತೇವ ಓಡಿಸುತ್ತದೆ.

ವಿದ್ಯುತ್ತಿನ ಮಟ್ಟಿಗೆ ಎರಡು ಮಾತು. ಮನೆಯ ಸ್ಕ್ವೇರ್ ವೇವ್ ಇನ್ವರ್ಟರಿಗೆ ಸರ್ವರ್ ಕಟ್ಟಬೇಡಿ. ಇದರ ಪವರ್ ಸಪ್ಲೈಯಲ್ಲಿ ಆಕ್ಟಿವ್ ಪಿಎಫ್‌ಸಿ ಇದೆ, ಆ ಅಲೆ ಅದಕ್ಕೆ ಹಿಡಿಸುವುದಿಲ್ಲ, ಕರೆಂಟು ಬದಲಾಗುವ ಕ್ಷಣದಲ್ಲೇ ಆಫ್ ಆಗಬಹುದು. ಶುದ್ಧ ಸೈನ್ ವೇವ್‌ನ 2 ಕೆವಿಎ ಆನ್‌ಲೈನ್ ಯುಪಿಎಸ್ ಹಾಕಿ. ಅದರ ಸೀರಿಯಲ್ ಕೇಬಲ್ ಜೋಡಿಸಿದರೆ 2003ರ ಪವರ್ ಆಪ್ಷನ್ಸ್‌ನಲ್ಲೇ ಇರುವ ಯುಪಿಎಸ್ ಟ್ಯಾಬ್ ಯಂತ್ರವನ್ನು ಕ್ರಮವಾಗಿ ಮುಚ್ಚುತ್ತದೆ. ವೇಬ್ರಿಜ್ ಈಗಾಗಲೇ ಸೀರಿಯಲ್ ಪೋರ್ಟ್ ಹಿಡಿದಿದ್ದರೆ ಇನ್ನೊಂದು ಪೋರ್ಟಿನ ಪಿಸಿಐ ಎಕ್ಸ್‌ಪ್ರೆಸ್ ಕಾರ್ಡ್ ಬೇಕಾಗುತ್ತದೆ, ಕೊಳ್ಳುವಾಗ 2003ರ ಡ್ರೈವರ್ ಇದೆಯೇ ಕೇಳಿ. ನಮ್ಮ ಮುರಕಲ್ಲಿನ ನೆಲ ಏಪ್ರಿಲ್–ಮೇಯಲ್ಲಿ ಒಣಗಿದಾಗ ಅರ್ತಿಂಗ್ ದುರ್ಬಲವಾಗುತ್ತದೆ, ಮಳೆಗೆ ಮುಂಚಿನ ಸಿಡಿಲಿನ ಕಾಲವೂ ಅದೇ. ಅರ್ತ್ ಗುಂಡಿಗೆ ಆಗ ನೀರು ಹೊಯ್ಯಿಸಿ, ನ್ಯೂಟ್ರಲ್-ಅರ್ತ್ ನಡುವಿನ ವೋಲ್ಟೇಜ್ ಅಳೆಸಿ.

ಅರೇ ಕಟ್ಟುವುದು

ಆರು ಸ್ಲಾಟ್ ಇದೆಯೆಂದು ಆರನ್ನೂ ಸೇರಿಸಿ ರೇಡ್ 5 (ದತ್ತಾಂಶವನ್ನೂ, ಕಳೆದದ್ದನ್ನು ಮತ್ತೆ ಕಟ್ಟಲು ಬೇಕಾದ ‘ಪ್ಯಾರಿಟಿ’ ಲೆಕ್ಕವನ್ನೂ ಎಲ್ಲ ಡಿಸ್ಕುಗಳಿಗೆ ಹಂಚುವ ಬಗೆ) ಕಟ್ಟುವುದು ಎಲ್ಲರಿಗೂ ಮೊದಲು ಹೊಳೆಯುವ ಯೋಚನೆ. ಜಾಗ ಜಾಸ್ತಿ ಸಿಗುತ್ತದೆ ನಿಜ, ಆದರೆ ಲೆಕ್ಕಪತ್ರದ ಕೆಲಸಕ್ಕೆ ಬೇಕಾದ್ದು ಜಾಗವಲ್ಲ. ರೇಡ್ 5ರಲ್ಲಿ ಒಂದು ಸಣ್ಣ ಬರವಣಿಗೆಗೆ ನಾಲ್ಕು ಡಿಸ್ಕ್ ಕೆಲಸ: ಹಳೆ ಡೇಟಾ ಓದು, ಹಳೆ ಪ್ಯಾರಿಟಿ ಓದು, ಎರಡನ್ನೂ ಹೊಸದಾಗಿ ಬರೆ. ರೇಡ್ 1ರಲ್ಲಿ, ಅಂದರೆ ಎರಡು ಡಿಸ್ಕಿನಲ್ಲೂ ಒಂದೇ ಪ್ರತಿ ಇಡುವ ಬಗೆಯಲ್ಲಿ, ಎರಡೇ. ಮೇಲಾಗಿ ಒಂದು ಡಿಸ್ಕ್ ಸತ್ತು ರಿಬಿಲ್ಡ್ (ಬದಲಿ ಡಿಸ್ಕಿಗೆ ದತ್ತಾಂಶ ಮತ್ತೆ ತುಂಬುವುದು) ಆಗುವಾಗ ಉಳಿದ ಎಲ್ಲ ಹಳೆ ಡಿಸ್ಕುಗಳನ್ನೂ ಕೊನೆಯ ಸೆಕ್ಟರ್‌ವರೆಗೆ ಓದಬೇಕು, ಎರಡನೆಯದು ಕೈಕೊಡುವುದು ಆಗಲೇ.

100–200 ಜಿಬಿ ದತ್ತಾಂಶದ ಕಚೇರಿಗೆ ನಮ್ಮ ಆಯ್ಕೆ ಹೀಗೆ. 300 ಜಿಬಿಯ, 15,000 ಆರ್‌ಪಿಎಂನ ಆರು ಎಸ್‌ಎಎಸ್ ಡಿಸ್ಕ್. ಸ್ಲಾಟ್ 0 ಮತ್ತು 1 ರೇಡ್ 1, ಅದು ಓಎಸ್‌ಗೆ. ಸ್ಲಾಟ್ 2 ಮತ್ತು 3 ಇನ್ನೊಂದು ರೇಡ್ 1, ಅದು ದತ್ತಾಂಶಕ್ಕೆ. ಸ್ಲಾಟ್ 4ರದ್ದು ಗ್ಲೋಬಲ್ ಹಾಟ್ ಸ್ಪೇರ್, ಅಂದರೆ ಯಾವ ಜೋಡಿಯ ಡಿಸ್ಕ್ ಸತ್ತರೂ ಅದರ ಜಾಗ ಹಿಡಿಯಲು ಕಾದಿರುವ ಡಿಸ್ಕ್. ಆರನೆಯದನ್ನು ಯಂತ್ರಕ್ಕೆ ಹಾಕದೆ, ಸಿಲಿಕಾ ಜೆಲ್ ಪೊಟ್ಟಣದ ಜತೆ ಗಾಳಿಯಾಡದ ಕವರಿನಲ್ಲಿ ಕಪಾಟಿನಲ್ಲಿಡಿ. ಇಂಥ ಡಿಸ್ಕ್ ಹಂಪನಕಟ್ಟೆಯಲ್ಲಿ ಕೇಳಿದ ಕೂಡಲೇ ಸಿಗುವ ಸಾಮಾನಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ತರಿಸಬೇಕು, ಮಳೆಗಾಲದಲ್ಲಿ ಘಾಟಿ ಕುಸಿದರೆ ಪಾರ್ಸೆಲ್ ಯಾವಾಗ ಬಂದೀತು ಹೇಳಲಾಗದು. ಹಾಟ್ ಸ್ಪೇರ್ ಇದ್ದರೆ ಡಿಸ್ಕ್ ಸತ್ತ ಕ್ಷಣದಿಂದಲೇ ರಿಬಿಲ್ಡ್ ತಾನಾಗಿ ಶುರುವಾಗುತ್ತದೆ.

ದೊಡ್ಡ ಡಿಸ್ಕಿನ ಆಸೆ ಬೇಡ. ಪರ್ಕ್ 5, 6 ಎರಡೂ 2 ಟಿಬಿಗಿಂತ ದೊಡ್ಡ ಡಿಸ್ಕನ್ನು ಪೂರ್ತಿ ಬಳಸಲಾರವು. ಎಂಬಿಆರ್ ಎಂಬ ಹಳೆ ಬಗೆಯ ಪಾರ್ಟಿಶನ್ನಿನ ಗಡಿಯೂ ಅಲ್ಲೇ, ಈ ಯಂತ್ರದಲ್ಲಿ 2003 ಹೊಸ ಬಗೆಯ ಜಿಪಿಟಿಯಿಂದ ಬೂಟ್ ಆಗದು. ಅಂಗಡಿಯ ಸಾದಾ ಡೆಸ್ಕ್‌ಟಾಪ್ ಸಾಟಾ ಡಿಸ್ಕೂ ಬೇಡ. ಕೆಟ್ಟ ಸೆಕ್ಟರ್ ಸಿಕ್ಕರೆ ಅದು ನಿಮಿಷಗಟ್ಟಲೆ ತಾನೇ ಓದಲು ಹೆಣಗುತ್ತದೆ. ಅಷ್ಟು ಕಾಯುವ ತಾಳ್ಮೆ ರೇಡ್ ಕಂಟ್ರೋಲರಿಗೆ ಇಲ್ಲ, ‘ಸತ್ತಿದೆ’ ಎಂದು ಅರೇಯಿಂದ ಹೊರಹಾಕುತ್ತದೆ. ಸರ್ವರ್ ಡಿಸ್ಕುಗಳಲ್ಲಿ ಈ ಹೆಣಗಾಟಕ್ಕೆ ಕೆಲವೇ ಸೆಕೆಂಡಿನ ಮಿತಿ ಇರುತ್ತದೆ. ಒಂದೇ ಅರೇಯಲ್ಲಿ ಎಸ್‌ಎಎಸ್ ಮತ್ತು ಸಾಟಾ ಬೆರೆಸಲೂ ಬಾರದು.

ಮೆನುವಿನಲ್ಲಿ ವರ್ಚುವಲ್ ಡಿಸ್ಕ್ ಮಾಡುವಾಗ ಸ್ಟ್ರೈಪ್ 64 ಕೆಬಿ, ಓದಿಗೆ ಅಡಾಪ್ಟಿವ್ ರೀಡ್ ಅಹೆಡ್, ಬರೆಯಲು ರೈಟ್ ಬ್ಯಾಕ್. ಕೊನೆಯದಕ್ಕೆ ಒಂದು ಷರತ್ತು ಇದೆ: ಕಾರ್ಡಿನ ಬ್ಯಾಟರಿ ಸುಸ್ಥಿತಿಯಲ್ಲಿರಬೇಕು. ರೈಟ್ ಬ್ಯಾಕ್ ಎಂದರೆ ದತ್ತಾಂಶ ಇನ್ನೂ ಡಿಸ್ಕಿಗೆ ಹೋಗುವ ಮುಂಚೆ, ಕಾರ್ಡಿನ 256 ಎಂಬಿ ಕ್ಯಾಶ್‌ನಲ್ಲಿರುವಾಗಲೇ ‘ಬರೆದಾಯಿತು’ ಎಂದು ಓಎಸ್‌ಗೆ ಹೇಳುವುದು. ಕರೆಂಟು ಹೋದರೆ ಆ ಕ್ಯಾಶ್ ಉಳಿಯುವುದು ಬ್ಯಾಟರಿಯ ಬಲದಿಂದ. ಬ್ಯಾಟರಿ ಸತ್ತಿದ್ದರೆ ಕಾರ್ಡ್ ತಾನೇ ರೈಟ್ ಥ್ರೂಗೆ (ಡಿಸ್ಕಿಗೆ ಬರೆದ ಮೇಲಷ್ಟೇ ‘ಬರೆದಾಯಿತು’ ಎನ್ನುವ ಬಗೆಗೆ) ಇಳಿಯುತ್ತದೆ, ತಂತ್ರಾಂಶ ತೆವಳುತ್ತದೆ. ಆಗ ‘ಬ್ಯಾಟರಿ ಇಲ್ಲದಿದ್ದರೂ ರೈಟ್ ಬ್ಯಾಕ್’ ಎಂಬ ಆಯ್ಕೆಯನ್ನು ಒತ್ತುವವರಿದ್ದಾರೆ. ವೇಗ ಬರುತ್ತದೆ, ಮುಂದಿನ ಪವರ್ ಕಟ್‌ಗೆ ಡೇಟಾಬೇಸ್ ಹರಿದುಹೋಗುತ್ತದೆ. ಹೊಸ ಬ್ಯಾಟರಿ ಹಾಕಿ. ಬ್ಯಾಟರಿ ಚೆನ್ನಾಗಿದ್ದರೂ ಸುಮಾರು ಮೂರು ತಿಂಗಳಿಗೊಮ್ಮೆ ಕಾರ್ಡ್ ಅದನ್ನು ಖಾಲಿ ಮಾಡಿ ತುಂಬಿ ಪರೀಕ್ಷಿಸುತ್ತದೆ. ‘ಇವತ್ತು ಯಾಕೋ ಕಂಪ್ಯೂಟರ್ ನಿಧಾನ’ ಎಂಬ ದೂರು ಬಂದು, ಕೆಲವು ಗಂಟೆಗಳಲ್ಲಿ ತಾನಾಗಿ ಸರಿಯಾದರೆ ಕಾರಣ ಅದೇ ಇರಬಹುದು.

ಇನಿಶಿಯಲೈಸ್ ಮಾಡುವಾಗ ಫಾಸ್ಟ್ ಬೇಡ, ಫುಲ್ ಆರಿಸಿ ರಾತ್ರಿಯಿಡೀ ಬಿಡಿ. ಸೆಕೆಂಡ್‌ಹ್ಯಾಂಡ್ ಡಿಸ್ಕಿನ ಕೆಟ್ಟ ಜಾಗಗಳು ಆಗಲೇ ಹೊರಬರಲಿ.

ಇನ್ನು ‘ಫಾರಿನ್ ಕಾನ್ಫಿಗರೇಶನ್’ ಎಂಬ ಸಂದೇಶ. ಅರೇಯ ವಿವರ ಡಿಸ್ಕುಗಳ ಮೇಲೂ ಬರೆದಿರುತ್ತದೆ. ಕಾರ್ಡ್ ಸುಟ್ಟು ಇನ್ನೊಂದು ಹಾಕಿದಾಗ ಹೊಸ ಕಾರ್ಡ್ ‘ಇದು ನನ್ನದಲ್ಲ’ ಎನ್ನುತ್ತದೆ. ಎಲ್ಲ ಡಿಸ್ಕುಗಳೂ ಸ್ಲಾಟಿನಲ್ಲಿ ಸರಿಯಾಗಿ ಕೂತಿವೆಯೇ ನೋಡಿ, ಆಮೇಲೆ ಇಂಪೋರ್ಟ್ ಕೊಡಿ. ಅವಸರದಲ್ಲಿ ಕ್ಲಿಯರ್ ಒತ್ತಿದರೆ ಅರೇಯ ವಿವರ ಹೋಯಿತು. ಪರ್ಕ್ 5ರಲ್ಲಿ ಕಟ್ಟಿದ ಅರೇಯನ್ನು ಪರ್ಕ್ 6ಕ್ಕೆ ಒಯ್ಯಬಹುದು, 6ರದ್ದನ್ನು 5ಕ್ಕೆ ತರುವ ಪ್ರಯೋಗ ಬೇಡ.

ಹೊರಗಿನ ಎಂಡಿ1000 ಪೆಟ್ಟಿಗೆ ಇದ್ದವರು: ಅದರಲ್ಲಿ ಹದಿನೈದು ಡಿಸ್ಕ್, ಅದರ ಪೋರ್ಟ್ ಎಸ್‌ಎಫ್‌ಎಫ್-8470. ಪರ್ಕ್ 6/ಇ ಕಾರ್ಡಿನದ್ದು ಎಸ್‌ಎಫ್‌ಎಫ್-8088, ಹಾಗಾಗಿ ಎರಡು ತುದಿ ಬೇರೆಯಾದ ಕೇಬಲ್ ಬೇಕು. ಮುಂಬದಿಯ ಸ್ಪ್ಲಿಟ್ ಸ್ವಿಚ್ ತಿರುಗಿಸುವುದಿದ್ದರೆ ಆನ್ ಮಾಡುವ ಮುಂಚೆಯೇ. ಹೊತ್ತಿಸುವಾಗ ಪೆಟ್ಟಿಗೆ ಮೊದಲು, ಸರ್ವರ್ ಆಮೇಲೆ. ಆರಿಸುವಾಗ ತಿರುಗಾಮುರುಗಾ.

ಎಫ್6ರ ಘಟ್ಟ

2003ರ ಸೆಟಪ್ ಹೆಚ್ಚುವರಿ ಡಿಸ್ಕ್ ಡ್ರೈವರ್ ಕೇಳುವುದು ಫ್ಲಾಪಿಯಲ್ಲೇ, ಅದೂ ಎ ಡ್ರೈವ್‌ನಲ್ಲಿ. ಪೆನ್ ಡ್ರೈವ್ ತೋರಿಸಿದರೆ ನಡೆಯದು.

ಡೆಲ್ ಕೊಡುವ ಡ್ರೈವರ್ ಪೊಟ್ಟಣದಲ್ಲಿ 32 ಬಿಟ್, 64 ಬಿಟ್ ಬೇರೆ ಬೇರೆ. ನಿಮ್ಮ ಸಿಡಿ ಯಾವುದೋ ಅದೇ ಇರಲಿ. ಬಿಚ್ಚಿದಾಗ ಸಿಗುವ ಐಎನ್‌ಎಫ್, ಸಿಸ್, ಕ್ಯಾಟ್ ಫೈಲುಗಳು, ಜತೆಗೆ ಟಿಎಕ್ಸ್‌ಟಿಸೆಟಪ್ ಡಾಟ್ ಓಇಎಂ, ಇವೆಲ್ಲ ಫ್ಲಾಪಿಯ ಬುಡದಲ್ಲೇ ಇರಬೇಕು. ಫೋಲ್ಡರಿನೊಳಗೆ ಹಾಕಿದರೆ ಸೆಟಪ್ ಹುಡುಕಿಕೊಂಡು ಹೋಗುವುದಿಲ್ಲ. ಮತ್ತೆ:

1. ಮೊದಲ ಅರೇ ಒಂದನ್ನೇ ಇಟ್ಟುಕೊಂಡು ಶುರುಮಾಡಿ. ದತ್ತಾಂಶದ ಜೋಡಿಯನ್ನು ಓಎಸ್ ಬಂದ ಮೇಲೆ ಕಟ್ಟಿ. ಇಲ್ಲದಿದ್ದರೆ ಎನ್‌ಟಿಎಲ್‌ಡಿಆರ್, ಬೂಟ್ ಐಎನ್‌ಐ ಎಂಬ ಬೂಟ್ ಫೈಲುಗಳು ತಪ್ಪು ಅರೇಗೆ ಹೋಗಿ ಕೂರಬಹುದು. ಮುಂದೆ ಆ ಅರೇ ತೆಗೆದ ದಿನ ಯಂತ್ರವೇ ಏಳುವುದಿಲ್ಲ.

2. ಸಿಡಿಯಿಂದ ಬೂಟ್ ಮಾಡಿ, ನೀಲಿ ಪರದೆಯ ಕೆಳತುದಿಯಲ್ಲಿ ಎಫ್6ರ ಸಾಲು ಕಂಡ ಕೂಡಲೇ ಒತ್ತಿ. ಆ ಸಾಲು ಕೆಲವೇ ಸೆಕೆಂಡು ಇರುತ್ತದೆ. ಒತ್ತಿದ ಮೇಲೆ ಪರದೆಯಲ್ಲಿ ಏನೂ ಬದಲಾಗದು, ಫೈಲುಗಳು ಲೋಡ್ ಆಗುತ್ತಲೇ ಇರುತ್ತವೆ. ಗಾಬರಿ ಬೇಡ, ಸ್ವಲ್ಪ ಹೊತ್ತಿಗೆ ಕೇಳುತ್ತದೆ. ಆಗ ಎಸ್ ಒತ್ತಿ, ಪಟ್ಟಿಯಿಂದ ನಿಮ್ಮ ಪರ್ಕ್ ಆರಿಸಿ.

3. ‘ಹಾರ್ಡ್ ಡಿಸ್ಕ್ ಕಾಣಲಿಲ್ಲ’ ಎಂದು ಬಂದರೆ ಎಫ್6 ತಪ್ಪಿದೆ ಅಥವಾ ಡ್ರೈವರ್ ಬೇರೆ ಕಾರ್ಡಿನದ್ದು.

ಯುಎಸ್‌ಬಿ ಫ್ಲಾಪಿ ಡ್ರೈವ್ ಬಳಸುವವರಿಗೆ ಒಂದು ವಿಚಿತ್ರ ಕಾಟ ಕಾದಿರುತ್ತದೆ. ಮೊದಲ ಸಲ ಡ್ರೈವರ್ ಸರಾಗವಾಗಿ ಓದುತ್ತದೆ. ಪಾರ್ಟಿಶನ್ ಆಗಿ, ಫೈಲ್ ಕಾಪಿ ಆಗುವ ಹೊತ್ತಿಗೆ ‘ಎ ಡ್ರೈವ್‌ಗೆ ಆ ಡಿಸ್ಕ್ ಹಾಕಿ’ ಎಂದು ಮತ್ತೆ ಕೇಳುತ್ತದೆ. ಡಿಸ್ಕ್ ಅಲ್ಲೇ ಇದೆ, ಎಂಟರ್ ಒತ್ತಿದಷ್ಟೂ ಅದೇ ಪ್ರಶ್ನೆ. ಮೊದಲ ಓದು ಬಯಾಸ್ ಮೂಲಕ, ಎರಡನೆಯದು ವಿಂಡೋಸ್‌ನ ಸ್ವಂತ ಯುಎಸ್‌ಬಿ ಡ್ರೈವರ್ ಮೂಲಕ. ಸೆಟಪ್‌ನ ಪಟ್ಟಿಯಲ್ಲಿ ಹೆಸರಿರುವ ಕೆಲವೇ ಮಾದರಿಯ ಫ್ಲಾಪಿ ಡ್ರೈವ್‌ಗಳಿಗೆ ಮಾತ್ರ ಆ ಎರಡನೆಯ ಓದು ದಕ್ಕುತ್ತದೆ.

ಅದರ ಜತೆ ಗುದ್ದಾಡುವ ಬದಲು, ವಿಂಡೋಸ್ ಸಿಡಿಗೇ ಡ್ರೈವರ್ ಸೇರಿಸುವ ಎನ್‌ಲೈಟ್ ಎಂಬ ತಂತ್ರಾಂಶ ಬಳಸಿ. ಒಂದು ಎಕ್ಸ್‌ಪಿ ಯಂತ್ರದಲ್ಲಿ, ವರ್ಚುವಲ್ ಆದರೂ ಸರಿ, 2003ರ ಸಿಡಿಯನ್ನು ಫೋಲ್ಡರಿಗೆ ನಕಲು ಮಾಡಿ, ಸರ್ವಿಸ್ ಪ್ಯಾಕ್ 2 ಸೇರಿಸಿ, ಪರ್ಕ್ ಡ್ರೈವರನ್ನು ‘ಟೆಕ್ಸ್ಟ್‌ಮೋಡ್’ ಬಗೆಯಾಗಿ ಸೇರಿಸಿ ಹೊಸ ಸಿಡಿ ಸುಡಿ. ಪಿಎನ್‌ಪಿ ಎಂದು ಸೇರಿಸಿದರೆ ಸೆಟಪ್‌ನ ಮೊದಲ ಹಂತಕ್ಕೆ ಡಿಸ್ಕ್ ಕಾಣುವುದಿಲ್ಲ. ಫ್ಲಾಪಿಯೂ ಬೇಡ, ಎಫ್6ರ ಕಾತರವೂ ಇಲ್ಲ. ಯಂತ್ರದ ಜತೆ ಬಂದ ಡೆಲ್‌ನ ಸೆಟಪ್ ಸಿಡಿ ಇನ್ನೂ ಇದ್ದರೆ ಅದೂ ಡ್ರೈವರನ್ನು ತಾನೇ ತುರುಕುತ್ತದೆ, ಎಚ್‌ಪಿಯವರಿಗೆ ಸ್ಮಾರ್ಟ್‌ಸ್ಟಾರ್ಟ್ ಇದೆ.

ಪಾರ್ಟಿಶನ್ ವಿಷಯದಲ್ಲಿ 2003ಕ್ಕೆ ಹಳೆ ಚಾಳಿ: 63ನೆಯ ಸೆಕ್ಟರಿನಿಂದ, ಅಂದರೆ 31.5 ಕೆಬಿಯಿಂದ ಶುರುಮಾಡುತ್ತದೆ. 64 ಕೆಬಿ ಸ್ಟ್ರೈಪಿಗೆ ಇದು ಸರಿಹೊಂದದೆ ಕೆಲವು ಓದು-ಬರಹಗಳು ಎರಡು ಸ್ಟ್ರೈಪಿಗೆ ಹರಡುತ್ತವೆ. ರೇಡ್ 1ರಲ್ಲಿ ನಷ್ಟ ಅಷ್ಟಾಗಿ ತಿಳಿಯದು, ರೇಡ್ 10 ಅಥವಾ 5ರಲ್ಲಿ ತಿಳಿಯುತ್ತದೆ. ಒಳಗೆ 4 ಕೆಬಿ ಸೆಕ್ಟರಿರುವ ಹೊಸ ಡಿಸ್ಕ್ ಹಾಕಿದರಂತೂ ಪ್ರತಿ ಬರವಣಿಗೆಯೂ ಕುಂಟುತ್ತದೆ. ದತ್ತಾಂಶದ ಅರೇಗೆ ಡಿಸ್ಕ್‌ಪಾರ್ಟ್‌ನಲ್ಲಿ ಪಾರ್ಟಿಶನ್ ಮಾಡುವಾಗ ಅಲೈನ್ 1024 ಎಂದು ಕೊಡಿ, ಸರ್ವಿಸ್ ಪ್ಯಾಕ್ 1ರ ನಂತರ ಈ ಸೌಲಭ್ಯ ಇದೆ. ಸಿ ಡ್ರೈವಿಗೆ ಬೇಕಾದರೆ ಲಿನಕ್ಸ್‌ನ ಜಿಪಾರ್ಟೆಡ್‌ನಿಂದ 1 ಎಂಬಿಯಲ್ಲಿ ಶುರುವಾಗುವ 40 ಜಿಬಿಯ ಎನ್‌ಟಿಎಫ್‌ಎಸ್ ಪಾರ್ಟಿಶನ್ ಮೊದಲೇ ಮಾಡಿಟ್ಟು, ಸೆಟಪ್‌ನಲ್ಲಿ ಅದನ್ನೇ ಆರಿಸಿ.

ಬೇಲಿ ಹಾಕುವುದು

ಈ ಯಂತ್ರಕ್ಕೆ ಇಂಟರ್‌ನೆಟ್ ತೋರಿಸಲೇಬಾರದು. ಬೇರೆಯದೇ ಸ್ವಿಚ್ ಅಥವಾ ವಿಎಲ್ಯಾನ್ (ಒಂದೇ ಸ್ವಿಚ್ಚಿನಲ್ಲಿ ಬೇರ್ಪಡಿಸಿದ ಜಾಲ), ಗೇಟ್‌ವೇ ಖಾಲಿ, ಡಿಎನ್‌ಎಸ್ ಖಾಲಿ. 2017ರ ಮೇಯಲ್ಲಿ ವನ್ನಾಕ್ರೈ ಹಬ್ಬಿದಾಗ ಮೈಕ್ರೋಸಾಫ್ಟ್ ಹಳೆ ವಿಂಡೋಸ್‌ಗೂ ಕೊಟ್ಟ ಕೆಬಿ4012598, 2019ರ ಮೇಯಲ್ಲಿ ರಿಮೋಟ್ ಡೆಸ್ಕ್‌ಟಾಪ್ ದೋಷಕ್ಕೆ ಕೊಟ್ಟ ಕೆಬಿ4500331, ಇವೆರಡನ್ನೂ ಬೇರೆ ಯಂತ್ರದಲ್ಲಿ ಇಳಿಸಿ ಸಿಡಿಯಲ್ಲಿ ತಂದು ಹಾಕಿ. ರಿಮೋಟ್ ಡೆಸ್ಕ್‌ಟಾಪ್ ಆದರೂ ಆರಿಸಿಯೇ ಇರಲಿ.

ಫೈಲ್ ಹಂಚುವ ಎಸ್‌ಎಂಬಿ ಎಂಬ ಭಾಷೆಯಲ್ಲಿ 2003 ಮಾತನಾಡುವುದು ಹಳೆಯ ಎಸ್‌ಎಂಬಿ 1 ಮಾತ್ರ. ವಿಂಡೋಸ್ 10ರ 1709 ಆವೃತ್ತಿಯಿಂದ ಹೊಸದಾಗಿ ಹಾಕುವ ವಿಂಡೋಸ್‌ನಲ್ಲಿ ಅದು ಸಾಮಾನ್ಯವಾಗಿ ಇರುವುದಿಲ್ಲ, ಆದ್ದರಿಂದಲೇ ಹೊಸ ಕಂಪ್ಯೂಟರಿನಿಂದ ಶೇರ್ ಫೋಲ್ಡರ್ ತೆರೆಯುವುದಿಲ್ಲ. ಕಚೇರಿಯ ಎಲ್ಲ ಯಂತ್ರಗಳಲ್ಲಿ ಎಸ್‌ಎಂಬಿ 1 ಚಾಲೂ ಮಾಡುವುದು ಬೇಲಿ ಕಿತ್ತಂತೆಯೇ. ಹಳೆ ತಂತ್ರಾಂಶ ಬಳಸುವ ಎರಡು-ಮೂರು ಕೌಂಟರ್ ಯಂತ್ರಗಳನ್ನು ಮಾತ್ರ ಆ ಪ್ರತ್ಯೇಕ ಸ್ವಿಚ್ಚಿಗೆ ಸೇರಿಸಿ. ಫೈಲುಗಳು ಹೊರಬರಬೇಕಿದ್ದರೆ ಎರಡು ನೆಟ್‌ವರ್ಕ್ ಕಾರ್ಡಿನ ಒಂದು ಸಣ್ಣ ಲಿನಕ್ಸ್ ಪೆಟ್ಟಿಗೆ ನಡುವೆ ನಿಲ್ಲಲಿ. ಅದು ಹಳೆಯದರಿಂದ ತಾನೇ ಎಳೆದು, ಈಚೆಗೆ ಸಾಂಬಾ (ಲಿನಕ್ಸ್‌ನ ಫೈಲ್ ಹಂಚುವ ತಂತ್ರಾಂಶ) ಮೂಲಕ ಹೊಸ ಎಸ್‌ಎಂಬಿಯಲ್ಲಿ ಕೊಡುತ್ತದೆ. ಅದರಲ್ಲಿ ರೂಟಿಂಗ್ ಚಾಲೂ ಇರಬಾರದು.

ಓಡುವಾಗ

ಇಮೇಲ್ ಎಚ್ಚರಿಕೆಯನ್ನು ನೆಚ್ಚಬೇಡಿ. ಬೇಲಿಯೊಳಗಿನ ಯಂತ್ರ ಹೊರಗೆ ಮೇಲ್ ಕಳಿಸಲಾರದು, ಕಳಿಸಿದರೂ ಹಳೆ ಟಿಎಲ್‌ಎಸ್ 1.0ನ್ನು ಈಗಿನ ಮೇಲ್ ಸರ್ವರ್‌ಗಳು ಒಪ್ಪುವುದು ಅಪರೂಪ. 2950ರ ಮುಂಬದಿಯ ಸಣ್ಣ ಪರದೆ ನೀಲಿ ಇದ್ದರೆ ಸರಿ, ಕೇಸರಿ-ಹಳದಿಗೆ ತಿರುಗಿದರೆ ಏನೋ ಕೆಟ್ಟಿದೆ. ಇ1810 ಎಂದರೆ ಡಿಸ್ಕ್ ದೋಷ, ಪಕ್ಕದ ಸಂಖ್ಯೆ ಸ್ಲಾಟಿನದು. ಬೆಳಿಗ್ಗೆ ಬಾಗಿಲು ತೆರೆಯುವವರಿಗೆ ಇಷ್ಟು ಹೇಳಿಕೊಟ್ಟಿರಿ.

ಸತ್ತ ಡಿಸ್ಕ್ ತೆಗೆಯುವಾಗ ಯಂತ್ರ ಆಫ್ ಮಾಡಬೇಡಿ. ಮೊದಲು ವಿಂಡೋಸ್‌ನಲ್ಲೇ ಓಡುವ ಡೆಲ್‌ನ ಓಪನ್‌ಮ್ಯಾನೇಜ್ ತಂತ್ರಾಂಶದಿಂದ ಆ ಸ್ಲಾಟಿನ ದೀಪ ಮಿಣುಕಿಸಿ ನೋಡಿ. ರೇಡ್ 1ರಲ್ಲಿ ಒಳ್ಳೆಯ ಡಿಸ್ಕ್ ಎಳೆದರೆ ಅಲ್ಲಿಗೆ ಮುಗಿಯಿತು. ಟ್ರೇಯನ್ನು ಒಂದಿಂಚು ಹೊರಗೆಳೆದು ಅರ್ಧ ನಿಮಿಷ ಬಿಡಿ, ಒಳಗಿನ ತಟ್ಟೆ ನಿಂತ ಮೇಲೆ ಪೂರ್ತಿ ತೆಗೆಯಿರಿ. ಹೊಸದು ಅಷ್ಟೇ ಅಥವಾ ಹೆಚ್ಚು ಗಾತ್ರದ್ದಿರಲಿ. ರಿಬಿಲ್ಡ್ ವೇಗ ಮೂಲದಲ್ಲಿ ಶೇ. 30ಕ್ಕೆ ಇಟ್ಟಿರುತ್ತದೆ, ರಾತ್ರಿಯಾದರೆ ಏರಿಸಬಹುದು.

ಅರೇ ಇದ್ದರೂ ಬ್ಯಾಕಪ್ ಬೇರೆಯೇ ಬೇಕು. ತಪ್ಪಾಗಿ ಅಳಿಸಿದ ಫೈಲನ್ನು ರೇಡ್ 1 ಎರಡೂ ಡಿಸ್ಕಿನಿಂದ ಒಟ್ಟಿಗೇ ಅಳಿಸುತ್ತದೆ. 2003ರಲ್ಲೇ ಇರುವ ಎನ್‌ಟಿಬ್ಯಾಕಪ್‌ನಿಂದ ದಿನವೂ ಸಿಸ್ಟಂ ಸ್ಟೇಟ್ ಸಹಿತ ತೆಗೆಯಿರಿ. ಅದರ ಬಿಕೆಎಫ್ ಕಡತವನ್ನು ಹೊಸ ವಿಂಡೋಸ್ ನೇರವಾಗಿ ತೆರೆಯದಾದ್ದರಿಂದ ದತ್ತಾಂಶದ ಫೋಲ್ಡರನ್ನು ಇದ್ದ ಹಾಗೇ ಇನ್ನೊಂದು ಪ್ರತಿ ಮಾಡಿ. ಹಳೆ ಕನ್ನಡ ಸಂಕೇತದ ಕಡತಗಳನ್ನು ಎಡಿಟರಿನಲ್ಲಿ ತೆರೆದು ‘ಸೇವ್’ ಒತ್ತಬೇಡಿ, ಎಡಿಟರ್ ಅದನ್ನು ಯುಟಿಎಫ್-8ಕ್ಕೆ ತಿರುಗಿಸಿದರೆ ಹೆಸರುಗಳು ಹಳೆ ತಂತ್ರಾಂಶಕ್ಕೆ ಓದಲು ಬಾರದಂತಾಗುತ್ತವೆ. ಆ ಫಾಂಟಿನ ಟಿಟಿಎಫ್ ಫೈಲುಗಳನ್ನೂ ಬ್ಯಾಕಪ್‌ನಲ್ಲೇ ಸೇರಿಸಿ.

ತಿಂಗಳಿಗೊಮ್ಮೆ ಕನ್ಸಿಸ್ಟೆನ್ಸಿ ಚೆಕ್ (ಜೋಡಿ ಡಿಸ್ಕುಗಳ ಪ್ರತಿಗಳು ತಾಳೆಯಾಗುತ್ತವೆಯೇ ಎಂಬ ಪರೀಕ್ಷೆ) ಓಡಿಸಿ, ಶನಿವಾರ ಸಂಜೆ ಕೌಂಟರ್ ಮುಚ್ಚಿದ ಮೇಲೆ ಶುರುಮಾಡಿದರೆ ಸೋಮವಾರದೊಳಗೆ ಮುಗಿದಿರುತ್ತದೆ. ಮೂರು ತಿಂಗಳಿಗೊಮ್ಮೆ ಇಮೇಜನ್ನು ವರ್ಚುವಲ್ ಯಂತ್ರಕ್ಕೆ ಸುರಿದು ಬೂಟ್ ಆಗುತ್ತದೆಯೇ ನೋಡಿ. ಡಾಂಗಲ್ ಇಲ್ಲದೆ ತಂತ್ರಾಂಶ ತೆರೆಯದಿದ್ದರೂ ಪರವಾಗಿಲ್ಲ, ಲಾಗಿನ್ ಪರದೆ ಬಂದು ದತ್ತಾಂಶದ ಫೋಲ್ಡರ್ ತೆರೆದರೆ ಇಮೇಜ್ ಸರಿ ಇದೆ.

ಕಪಾಟಿನಲ್ಲಿ ಇರಬೇಕಾದ್ದು: ಅದೇ ಮಾದರಿಯ ಇನ್ನೊಂದು ಪರ್ಕ್ ಕಾರ್ಡ್ ಮತ್ತು ಅದರ ಬ್ಯಾಟರಿ, ಒಂದು ಎಸ್‌ಎಎಸ್ ಕೇಬಲ್, ಟ್ರೇ ಸಹಿತ ಆ ಆರನೆಯ ಡಿಸ್ಕ್, ಒಂದು ಪವರ್ ಸಪ್ಲೈ, ಡ್ರೈವರ್ ಸೇರಿಸಿ ಸುಟ್ಟ ಸಿಡಿಯ ಎರಡು ಪ್ರತಿ, ಮತ್ತೆ ಕಂಟ್ರೋಲ್-ಆರ್ ಮೆನುವಿನ ಫೋಟೋಗಳ ಪ್ರಿಂಟ್. ಫೋಟೋ ಮೊಬೈಲಿನಲ್ಲೇ ಉಳಿದರೆ, ಯಂತ್ರ ನಿಂತ ದಿನ ಆ ಮೊಬೈಲಿನವರು ರಜೆಯಲ್ಲಿರುತ್ತಾರೆ.